ಕುರ್ಚಿಯಕ್ಕ ತಂದ ಶಾಲೆ

ಆ ಬೀದಿಯವರು ಅವಳ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತು ಒಂದೆರಡಲ್ಲ. ಅವಳ ತಲೆ ಮೇಲೆ ಯಾವಾಗಲೂ ಒಂದು ಕುರ್ಚಿ ಇರುತ್ತದೆ, ಕೂತವರು ಮಾತ್ರ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಿದ್ದರು. ಕುರ್ಚಿ ಹೆಣೆಯುವವರ ಮನೆಗೆ ಹೋದರೆ ನಿಂತೇ ಮಾತಾಡಬೇಕು, ಅಲ್ಲಿನ ಕುರ್ಚಿಗಳಿಗೆ ಕಾಲು ನಾಲ್ಕೂ ಉಂಟು, ಕೂರುವ ಜಾಗವೇ ತೂತು ಎಂದು ನಗುತ್ತಿದ್ದರು. ದನಿ ತಗ್ಗಿಸಿ ಆಡುವ ಮಾತು ಇನ್ನೊಂದಿತ್ತು: ಹೆಂಡತಿಯ ತಲೆಗೆ ಹೊರೆ ಹೊರಿಸಿ ಬೀದಿಗೆ ಅಟ್ಟಿ ತಾನು ನೆರಳಲ್ಲಿ ಕೂತಿರುತ್ತಾನಲ್ಲ, ಅವನೆಂಥ ಗಂಡಸೋ.

ಪೂರ್ತಿ ಸುಳ್ಳು ಅನ್ನುವಂತೆಯೂ ಇರಲಿಲ್ಲ. ಗಂಡ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಮಂಡಿಗಳ ನಡುವೆ ಕುರ್ಚಿ ಇಟ್ಟುಕೊಂಡು ಕೂತರೆ ಕೂತ. ಪಕ್ಕದ ಕಲ್ಲುತೊಟ್ಟಿಯಲ್ಲಿ ಬೆತ್ತದ ಸೀಳುಗಳು ನೆನೆಯುತ್ತಿದ್ದವು. ಒಂದೊಂದನ್ನೇ ಎಳೆದು, ಚೌಕಟ್ಟಿನ ತೂತಿಗೆ ತೂರಿಸಿ, ಸಡಿಲವಾಗದಂತೆ ಮರದ ಬೆಣೆ ಚುಚ್ಚಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ ಹೆಣೆಯುತ್ತಿದ್ದ. ಮನೆಮನೆಯಿಂದ ಕುಳಿಬಿದ್ದ ಕುರ್ಚಿ ತರುವುದು, ಹೆಣೆದದ್ದನ್ನು ಮುಟ್ಟಿಸುವುದು ಅವಳ ಪಾಲು. ಕುರ್ಚಿಯನ್ನು ತಲೆಕೆಳಗು ಮಾಡಿ ಹೊತ್ತು, ಕುರ್ಚಿಯ ಕಾಲು ನಾಲ್ಕೂ ಮೇಲೆ ನೋಡುತ್ತಿದ್ದರೆ ಇವಳು ಕೆಳಗೆ ಸರಸರ ನಡೆಯುತ್ತಿದ್ದಳು. ತಗ್ಗಿನ ಬಾಗಿಲು ಬಂದರೆ ತಲೆ ಬಗ್ಗಿಸುವಂತಿಲ್ಲ, ಬಗ್ಗಿಸಿದರೆ ಕುರ್ಚಿ ಜಾರುತ್ತದೆ. ಕತ್ತು ನೆಟ್ಟಗೆ ಇಟ್ಟು ಮಂಡಿ ಬಗ್ಗಿಸಿ ದಾಟುತ್ತಿದ್ದಳು. ಬೀದಿಯ ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದವು. ಎಲ್ಲರ ಬಾಯಲ್ಲೂ ಅವಳು ಕುರ್ಚಿಯಕ್ಕ.

ಗಂಡ ಯಾಕೆ ಒಬ್ಬರ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂಬುದು ಬೀದಿಗೆ ಗೊತ್ತಿರಲಿಲ್ಲ. ಪೊಲೀಸರ ಬಳಿ ಒಂದು ಪಟ್ಟಿ ಇತ್ತು, ಮಕ್ಕಳ ಮೇಲೆ ಅಪರಾಧ ಮಾಡಿದವರ ಪಟ್ಟಿ. ಅದರಲ್ಲಿ ಅವನ ಹೆಸರೂ ಮುಖವೂ ಇದ್ದವು. ಅವನು ಯಾವ ಮಗುವಿನ ಮೇಲೆ ಅಪರಾಧ ಮಾಡಿದ್ದನೋ ಆ ಮಗು ಯಾರು ಎಂದರೆ, ಈ ಕುರ್ಚಿಯಕ್ಕನೇ.

ಅವಳ ಅಪ್ಪನದು ಪೀಠೋಪಕರಣದ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆತ್ತ ಹೆಣೆಯುತ್ತಿದ್ದವನು ಇವನು, ಹದಿನೇಳರ ಹುಡುಗ. ಅವಳಿಗೆ ಕಾನೂನು ಬಯಸುವ ವಯಸ್ಸು ತುಂಬಲು ಇನ್ನೂ ಕೆಲವು ತಿಂಗಳಿದ್ದವು. ಇಬ್ಬರೂ ನಕ್ಕು ಮಾತಾಡುವುದು ಅಪ್ಪನ ಕಣ್ಣಿಗೆ ಬಿದ್ದು, ಅವಳನ್ನು ದೂರದೂರಿನ ಸೋದರಮಾವನ ಮನೆಗೆ ಸಾಗಿಸುವ ಏರ್ಪಾಟಾಯಿತು. ಓಡಿಹೋಗೋಣ ಎಂದವಳು ಅವಳು. ಟಿಕೆಟ್ ತೆಗೆದವಳೂ ಅವಳು. ಅವನಿಗೆ ಬಸ್ಸಿನ ಪ್ರಯಾಣ ಆಗಿಬರದು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ, ಚೀಲ ಹಿಡಿದು ಕೂತವಳು ಅವಳು. ಇಬ್ಬರೂ ಹೋಗಿ ಇಳಿದದ್ದು ಅವನ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಬಾಗಿಲಲ್ಲೇ ಇಬ್ಬರಿಗೂ ಬೈಗುಳದ ಮಂಗಳಾರತಿ ಮಾಡಿ, ಹುಡುಗಿಯನ್ನು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡು, ಬೆಳಗಾಗುತ್ತಲೇ ಅಪ್ಪನಿಗೆ ತಾನೇ ಫೋನ್ ಮಾಡಿದಳು. ಅಪ್ಪ ಅಷ್ಟರಲ್ಲೇ ದೂರು ಕೊಟ್ಟಾಗಿತ್ತು, ಅವನಿಗಿಂತ ಮೊದಲು ಪೊಲೀಸರು ಬಂದರು.

ವಯಸ್ಸು ತುಂಬದ ಹುಡುಗಿಯನ್ನು ಹೆತ್ತವರಿಂದ ಒಯ್ದದ್ದು ಅಪರಾಧ. ಯಾರು ಯಾರನ್ನು ಒಯ್ದರು ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. ಅವಳು ಬಾಯಿ ನೋಯುವಷ್ಟು ಹೇಳಿದಳು, ನಾನೇ ಕರೆದದ್ದು ಅಂತ. ನಿನಗಿನ್ನೂ ತಿಳಿವಳಿಕೆ ಇಲ್ಲಮ್ಮ ಎಂದು ನೀರು ಕೊಟ್ಟು ಕೂರಿಸಿದರು. ಅವಳಿಗಿಂತ ಕೆಲವೇ ತಿಂಗಳು ದೊಡ್ಡವನಿಗೆ ಮಾತ್ರ ಪೂರ್ತಿ ತಿಳಿವಳಿಕೆ ಇತ್ತಂತೆ. ಅವನು ಬಾಲಾಪರಾಧಿಗಳ ಮನೆಯಲ್ಲಿದ್ದು ಹೊರಬಂದ. ಶಿಕ್ಷೆ ಮುಗಿಯಿತು, ಪಟ್ಟಿ ಮುಗಿಯಲಿಲ್ಲ.

ವಯಸ್ಸು ತುಂಬಿದ ಮೇಲೆ ಅವಳು ಅವನನ್ನೇ ಮದುವೆಯಾದಳು. ಅಪ್ಪನೂ ಬಂದು ನಿಂತ. ದೂರು ವಾಪಸು ಪಡೆಯುತ್ತೇನೆ ಎಂದು ಅವನು ಎಷ್ಟೋ ಬಾಗಿಲು ತಟ್ಟಿದ. ಸಾಯುವ ಮುಂಚೆ ಅಳಿಯನ ಕೈ ಹಿಡಿದು, "ಕೋಪದಲ್ಲಿ ಒಂದು ಕಲ್ಲು ಎಸೆದೆ ಕಣಪ್ಪಾ, ಅದು ಇನ್ನೂ ನೆಲಕ್ಕೆ ಬಿದ್ದಿಲ್ಲ" ಅಂದಿದ್ದ.

ಪಟ್ಟಿಯಲ್ಲಿದ್ದವರು ಶಾಲೆಯ ಸುತ್ತಮುತ್ತ ವಾಸಿಸುವಂತಿಲ್ಲ, ಶಾಲೆಯ ಗೇಟಿನ ಹತ್ತಿರ ಸುಳಿಯುವಂತಿಲ್ಲ, ಬೇರೆಯವರ ಮಕ್ಕಳಿರುವ ಮನೆಗೆ ಕಾಲಿಡುವಂತಿಲ್ಲ. ಹಾಗಾಗಿ ಮನೆ ಹುಡುಕುವಾಗ ಇವರದು ತಿರುಗುಮುರುಗು ವ್ಯವಹಾರ. ಹತ್ತಿರ ಶಾಲೆ ಇದೆಯಾ ಎಂದು ಕೇಳಿದ ಕೂಡಲೇ ಮನೆ ತೋರಿಸುವವನು ಉಬ್ಬಿಹೋಗಿ, "ಗೋಡೆಗೆ ಗೋಡೆ ಅಂಟಿಕೊಂಡಿದೆ ಅಕ್ಕಾ, ಗಂಟೆ ನಿಮ್ಮ ಅಡುಗೆಮನೇಲೇ ಹೊಡೆದ ಹಾಗೆ ಕೇಳುತ್ತೆ" ಅನ್ನುತ್ತಿದ್ದ. ಇವರು ಅಲ್ಲಿಂದ ಕಾಲು ಕೀಳುತ್ತಿದ್ದರು. ಅವನಿಗೆ ಇವರ ತಲೆ ಸರಿಯಿಲ್ಲ ಅನಿಸಿರಬೇಕು. ಸುತ್ತಿ ಸುತ್ತಿ ಸಿಕ್ಕಿದ್ದು ಈ ಮನೆ. ಬೆಳಕು ಚೆನ್ನಾಗಿತ್ತು, ಕಲ್ಲುತೊಟ್ಟಿ ಮೊದಲೇ ಇತ್ತು, ಶಾಲೆ ದೊಡ್ಡ ರಸ್ತೆಯ ಆಚೆ ಎಲ್ಲೋ ಇತ್ತು. ಇಲ್ಲಿಯೇ ಮಗಳು ಹುಟ್ಟಿದಳು.

ಮಗಳು ಶಾಲೆಗೆ ಹೋಗುವಂತಾದಾಗ ತೊಡಕು ಶುರುವಾಯಿತು. ದೊಡ್ಡ ರಸ್ತೆ ಎಂದರೆ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುವ ರಸ್ತೆ. ಅಪ್ಪ ಗೇಟಿನ ತನಕ ಹೋಗುವಂತಿಲ್ಲ. ಕುರ್ಚಿ ಮುಟ್ಟಿಸಿ ಬರುವುದು ಅವಳಿಗೆ ತಡವಾದ ದಿನ, ಮಗು ಒಬ್ಬಳೇ ದಾಟಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಲಾರಿಯೊಂದು ಕಿರುಚಿ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಚಪ್ಪಲಿ ಒಂದು ಚಕ್ರದ ಕೆಳಗೆ ಸಿಕ್ಕಿ ಹಪ್ಪಳವಾಗಿತ್ತು, ಅಷ್ಟೇ.

ಮರುದಿನದಿಂದ ಕುರ್ಚಿಯಕ್ಕ ಹೆಗಲ ಚೀಲದಲ್ಲಿ ಒಂದು ಅರ್ಜಿ ಇಟ್ಟುಕೊಂಡು ಹೊರಟಳು: ನಮ್ಮ ಬೀದಿಯಲ್ಲೇ ಒಂದು ಶಾಲೆ ಬೇಕು, ಮೂಲೆಯ ಹಾಳು ಗೋದಾಮು ಖಾಲಿ ಬಿದ್ದಿದೆ. ಅವಳು ಕಾಲಿಡದ ಮನೆಯೇ ಇರಲಿಲ್ಲವಲ್ಲ. ಕುರ್ಚಿ ಇಳಿಸಿ, ಅದರ ಮೇಲೇ ಮನೆಯವರನ್ನು ಕೂರಿಸಿ, ಎಷ್ಟು ಬಿಗಿಯಾಗಿದೆ ನೋಡಿ ಅಂದು, ಹಾಗೇ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಎದುರುಮನೆಯ ಟೈಲರಮ್ಮ ತಾನೂ ಜೊತೆಗೆ ನಿಂತಳು. ಸರ್ಕಾರಿ ಕಚೇರಿಯವರು ಸತಾಯಿಸಿದರು, ನಾಳೆ ಬಾ ಅಂದರು. ಇವಳು ಹೋದಳು. ಬೇಸತ್ತು ಕೊನೆಗೆ ಮಂಜೂರು ಮಾಡಿದರು. ಗೋದಾಮಿಗೆ ಸುಣ್ಣ ಬಿತ್ತು, ಕಿಟಕಿ ಬಂತು, ಪುಟ್ಟ ಪುಟ್ಟ ಬೆಂಚುಗಳು ಬಂದಿಳಿದವು. ಬೀದಿಯವರು ಅವಳನ್ನು ಹೆಡ್‌ಮಿಸ್ ಎಂದು ಕರೆದು ರೇಗಿಸಿದರು. ಹೊಸದಾಗಿ ಮನೆ ಹಿಡಿಯುವವರಿಗೆ ಮಾತ್ರ ಆ ಕಟ್ಟಳೆ, ಮೊದಲೇ ಇದ್ದವರ ಹತ್ತಿರಕ್ಕೆ ಶಾಲೆ ಬಂದರೆ ಯಾರ ತಪ್ಪೂ ಇಲ್ಲ ಎಂದು ಅವಳು ತನ್ನೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಯಾಕೆ ಕೇಳುತ್ತೀ ಎನ್ನುತ್ತಾರಲ್ಲ.

ಆಗೀಗ ಬಂದು, ಗಂಡ ಇದ್ದಾನೋ ಇಲ್ಲವೋ ನೋಡಿಹೋಗುವ ಪೇದೆಯೊಬ್ಬನಿದ್ದ. ಕೆಟ್ಟವನಲ್ಲ. ಮಫ್ತಿಯಲ್ಲೇ ಬರುತ್ತಿದ್ದ. ಬೀದಿಯವರ ಲೆಕ್ಕದಲ್ಲಿ ಅವನೂ ಒಬ್ಬ ಗಿರಾಕಿ. ಈ ಸಲ ಚಹಾ ಕೊಟ್ಟರೂ ಲೋಟ ಮುಟ್ಟಲಿಲ್ಲ.

"ಅಕ್ಕಾ, ಆ ಶಾಲೆ ನೀವು ತಂದಿದ್ದಂತೆ, ಹೌದಾ?"

"ಹೂಂ, ಯಾಕೆ?"

"ಅದು ಶುರುವಾಗೋ ದಿನಕ್ಕೆ ಇವರು ಇಲ್ಲಿರೋ ಹಾಗಿಲ್ಲ. ಮೊದಲಿದ್ದವರು, ಆಮೇಲೆ ಬಂದವರು ಅಂತ ಏನಿಲ್ಲ ಅದರಲ್ಲಿ." ಆಮೇಲೆ ಸಮಾಧಾನ ಮಾಡುವವನಂತೆ ಸೇರಿಸಿದ, "ನೀವು, ಮಗು ಇರಬಹುದು. ನಿಮಗೇನೂ ತೊಂದರೆ ಇಲ್ಲ."

ಅವಳು ಗಂಡನತ್ತ ತಿರುಗಿದಳು. ಅವನು ಸೀಳೊಂದನ್ನು ತೂತಿಗೆ ತೂರಿಸುತ್ತಲೇ ಇದ್ದ, ತಲೆಯನ್ನೂ ಎತ್ತಲಿಲ್ಲ. ಪೇದೆ ಹೋದ ಮೇಲೆ ಅವಳಿಗೆ ಹೊಳೆಯಿತು.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಬೀದಿ ಬೀದಿ ಅಲೆದು ಸಹಿ ಹಾಕಿಸಿಕೊಳ್ತಿದ್ದಾಗ ಬಾಯಲ್ಲಿ ಏನಿಟ್ಕೊಂಡಿದ್ದೆ? ಕೂತ ಕೊಂಬೆ ಕಡೀತಾ ಇದ್ದೀಯ ಕಣೇ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವನು ಬೆಣೆ ಚುಚ್ಚಿ, ಬೆರಳಿನ ನೀರು ಒರೆಸಿಕೊಂಡ. "ಆ ಚಪ್ಪಲಿ ನಾನೂ ನೋಡಿದೆ" ಅಂದ.

ಅವಳಿಗೆ ಅಳುವೂ ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅದನ್ನು ತೊಟ್ಟಿಯ ಮೇಲೆ ತೋರಿಸಿದಳು, ನೀರೆಲ್ಲ ಚೆಲ್ಲಿ ಗಸಗಸ ಉಜ್ಜಿದಳು.

ಮರುದಿನ ಕಚೇರಿಗೆ ಹೋದಳು, ಅರ್ಜಿ ಹಿಡಿದು ಅಲೆದಿದ್ದ ಕಚೇರಿಯ ಮೇಲಿನ ಮಹಡಿಗೆ. ಅಲ್ಲಿ ಆ ಪಟ್ಟಿಯ ವಿಚಾರ ನೋಡುವ ಅಧಿಕಾರಿ ಹೆಂಗಸು, ಇವಳ ವಯಸ್ಸಿನವಳೇ. ಕೂರಮ್ಮ ಎಂದಳು. ಪ್ಲಾಸ್ಟಿಕ್ ಕುರ್ಚಿ. ಇವಳು ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ಅಪರಾಧ ನಡೆದದ್ದು ನನ್ನ ಮೇಲೆ ತಾನೆ, ನನಗೆ ಅವನಿಂದ ಯಾವ ಕೆಡುಕೂ ಆಗಿಲ್ಲ, ಹೋಗೋಣ ಅಂದವಳೇ ನಾನು.

"ಆಗ ನೀವು ಒಪ್ಪಿದ್ದು ಲೆಕ್ಕಕ್ಕೆ ಬರಲ್ಲಮ್ಮ. ನಿಮಗೆ ವಯಸ್ಸಾಗಿರಲಿಲ್ಲ."

"ಈಗ ಆಗಿದೆಯಲ್ಲ ಮೇಡಂ. ಈಗ ಹೇಳ್ತಾ ಇದ್ದೀನಿ."

"ಈಗ ಕೇಸು ಮುಗಿದುಹೋಗಿದೆ."

"ಅಂದರೆ ಆಗ ನಾನು ಚಿಕ್ಕವಳು, ಈಗ ತಡ. ನಡುವೆ ಯಾವತ್ತು ಬರಬೇಕಿತ್ತು ನಾನು?"

ಅಧಿಕಾರಿ ಮುಂದಿದ್ದ ಕಡತ ಮುಚ್ಚಿದಳು. ಹೆಸರು ತೆಗೆಯುವ ಅಧಿಕಾರ ತನಗಿಲ್ಲ, ತನ್ನ ಮೇಲಿನವರಿಗೂ ಇಲ್ಲ, ಕಾನೂನಿನಲ್ಲಿ ಸೇರಿಸುವ ದಾರಿ ಇದೆ, ತೆಗೆಯುವ ದಾರಿ ಬರೆದಿಲ್ಲ ಎಂದು ಮೆತ್ತಗೆ ತಿಳಿಸಿದಳು. ಈ ಕಟ್ಟಳೆ ನಿಮ್ಮಂಥವರ ರಕ್ಷಣೆಗೇ ಇರುವುದು ಎಂದೂ ಅಂದಳು.

"ಉಪ್ಪು ತಿಂದವನು ನೀರು ಕುಡೀಬೇಕು, ಒಪ್ತೀನಿ. ಒಂದು ಹರಳು ಉಪ್ಪಿಗೆ ಎಷ್ಟು ಕೊಡ ನೀರು ಕುಡಿಸ್ತೀರಿ ಮೇಡಂ?" ಎಂದು ಕೇಳಿ ಎದ್ದುಬಂದಳು. ಮೆಟ್ಟಿಲಿಳಿಯುವಾಗ ಇನ್ನೂ ಚೆನ್ನಾಗಿ ಕೇಳಬಹುದಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಹಾಗೇ ತಾನೆ ಆಗುವುದು.

ಸುದ್ದಿಗೆ ಕಾಲು ಬೇಕೆ? ಪೇದೆಯ ಬಾಯಿಂದಲೋ ಕಚೇರಿಯ ಜವಾನನಿಂದಲೋ, ಬೀದಿಗೆ ತಿಳಿಯಿತು. ತಿಳಿದದ್ದೂ ಅರ್ಧ: ಅವನು ಆ ಪಟ್ಟಿಯಲ್ಲಿದ್ದಾನೆ ಅನ್ನುವಷ್ಟು. ಒಬ್ಬರು ಬಂದು, ಉದ್ದಕ್ಕೆ ಮಾತ್ರ ಹೆಣೆದಿದ್ದ ತಮ್ಮ ಕುರ್ಚಿಯನ್ನು ಹಾಗೇ ಎತ್ತಿಕೊಂಡು ಹೋದರು. ಕಟ್ಟದ ಸೀಳುಗಳು ಬೀದಿಯುದ್ದಕ್ಕೂ ಜೋತಾಡಿದವು. ಬಾಗಿಲಲ್ಲಿ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆದುಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಇಲ್ಲಿ ಅಡಿಕೆಯನ್ನೂ ಅವನು ಕದ್ದಿರಲಿಲ್ಲ.

ಟೈಲರಮ್ಮ ಮಾತ್ರ ಎದುರಿಗೇ ಬಂದು ಕೇಳಿದಳು. ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ನಿಂದು ಸರಿ ಕಣೇ. ಆದರೆ ಹೆಣ್ಣುಮಕ್ಕಳನ್ನ ಕಾಯೋ ಕಾನೂನೇ ಬೇಡ ಅನ್ನೋಕಾಗುತ್ತಾ? ನನ್ನ ತಂಗಿಗೆ ಆಗಿದ್ದು ನಿನಗೆ ಹೇಳಿದ್ದೀನಲ್ಲ. ಆ ಮನುಷ್ಯ ಇವತ್ತಿಗೂ ಎದೆ ಸೆಟೆಸಿಕೊಂಡು ಓಡಾಡ್ತಾನೆ" ಅಂದಳು.

"ಬೇಡ ಅಂದಿಲ್ಲಮ್ಮ ನಾನು. ನನಗೂ ಮಗಳಿದ್ದಾಳೆ. ಅಂಥವನನ್ನ ಕಟ್ಟೋ ಹಗ್ಗ ಇರಲಿ, ಬಿಗಿಯಾಗೇ ಇರಲಿ. ಅದೇ ಹಗ್ಗದಲ್ಲಿ ಬಸ್ಸಲ್ಲಿ ವಾಂತಿ ಮಾಡ್ಕೊಂಡ ಹುಡುಗನನ್ನೂ ಸಾಯೋ ತನಕ ಕಟ್ಟಿ ಹಾಕಿದರೆ, ಹಗ್ಗಕ್ಕೇನು ಮರ್ಯಾದೆ ಹೇಳು."

ಟೈಲರಮ್ಮ ಪಿನ್ನನ್ನು ಮತ್ತೆ ಬಾಯಿಗೆ ಸಿಕ್ಕಿಸಿಕೊಂಡು ಮನೆಗೆ ನಡೆದಳು. ಸಂಜೆ ತನ್ನ ಕುಳಿಬಿದ್ದ ಹೊಲಿಗೆ ಕುರ್ಚಿಯನ್ನು ತಂದು ಅವರ ಬಾಗಿಲಲ್ಲಿ ಇಟ್ಟುಹೋದಳು.

ಮನೆಯೊಳಗೆ ಬೇರೆ ಜಗಳ ನಡೆದಿತ್ತು. ಊರಾಚೆ, ಹಳೇ ಇಟ್ಟಿಗೆ ಗೂಡಿನ ಹತ್ತಿರ ಒಂದು ಶೆಡ್ಡು ಸಿಕ್ಕಿದೆ, ತಾನು ಅಲ್ಲಿರುತ್ತೇನೆ, ನೀವಿಬ್ಬರೂ ಇಲ್ಲೇ ಇರಿ, ಮಗು ಓದಲಿ ಎಂದು ಅವನು ಪಟ್ಟು ಹಿಡಿದ. ಶಾಲೆ ತಂದವಳೇ ಶಾಲೆ ಬಿಡಿಸಿದರೆ ಹೇಗೆ ಎಂದ. ಆ ಮಾತು ಅವಳಿಗೆ ಚುಚ್ಚಿತು. ಎಷ್ಟೋ ಹೊತ್ತು ಅದೇ ಸರಿ ಎಂದೂ ಅನಿಸಿತು. ಆದರೆ ಮೊದಲ ಸಲ ಪೊಲೀಸರು ಅವನನ್ನು ಒಂದು ಕಡೆ, ಅವಳನ್ನು ಒಂದು ಕಡೆ ಕರೆದೊಯ್ದಾಗ, ಒಳ್ಳೆಯದಕ್ಕೇ ಎಂದು ಎಲ್ಲರೂ ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

"ಒಂದು ಸಲ ನನ್ನ ಕೇಳದೆ ಬೇರೆ ಮಾಡಿದರು" ಅಂದಳು. "ಎರಡನೇ ಸಲ ನೀನೇ ಮಾಡಬೇಡ. ನಾವೂ ಆ ಶೆಡ್ಡಿಗೇ ಬರ್ತೀವಿ, ಅಲ್ಲಿಗೆ ಹತ್ತಿರ ಹಳೇ ಶಾಲೆಯೇ. ಮಗಳನ್ನ ದೊಡ್ಡ ರಸ್ತೆ ಆಚೆಯ ಶಾಲೆಗೆ ನಾನೇ ಕರಕೊಂಡು ಹೋಗ್ತೀನಿ. ಕುರ್ಚಿ ಕಾಯಲಿ."

ಅವನು ಮುಖ ತಿರುಗಿಸಿ ಟೈಲರಮ್ಮನ ಕುರ್ಚಿ ಕೈಗೆತ್ತಿಕೊಂಡ. ಆ ಮನೆಯಲ್ಲಿ ಹೆಣೆದ ಕೊನೆಯ ಕುರ್ಚಿ ಅದೇ.

ಶಾಲೆ ಶುರುವಾಗುವ ಹಿಂದಿನ ಸಂಜೆಯೇ ಅವನು ಸಾಮಾನಿನ ಗಾಡಿಯೊಂದಿಗೆ ಹೊರಟುಹೋದ. ಬೆಳಗಾದರೆ ಅವನು ಅಲ್ಲಿರುವುದೇ ಇನ್ನೊಂದು ಅಪರಾಧ. ಅವಳೂ ಮಗಳೂ ಉಳಿದದ್ದು ಕಸ ಗುಡಿಸಿ ಬೀಗ ಕೊಡುವುದಕ್ಕೆ.

ಬೆಳಿಗ್ಗೆ ಮಗಳು ಕಿಟಕಿಗೆ ಅಂಟಿಕೊಂಡು ನಿಂತಿದ್ದಳು. ಮೂಲೆಯ ಕಟ್ಟಡದ ಮುಂದೆ ಮಕ್ಕಳು ಚೀಲ ಹೊತ್ತು ಸೇರುತ್ತಿದ್ದರು, ಯಾರೋ ಅಳುತ್ತಿದ್ದರು, ಯಾರೋ ಅಳುವವರನ್ನು ನೋಡಿ ನಗುತ್ತಿದ್ದರು.

"ಅಮ್ಮಾ, ಅದು ನೀನು ತಂದ ಶಾಲೆ ಅಲ್ವಾ?"

"ಹೂಂ."

"ನಾವು ಮಾತ್ರ ಯಾಕೆ ಹೋಗಲ್ಲ?"

ಅವಳ ಬಳಿ ಇದ್ದ ಉತ್ತರಗಳೆಲ್ಲ ದೊಡ್ಡವರಿಗೆ ಹೇಳಿ ಹೇಳಿ ಸವೆದುಹೋಗಿದ್ದವು. ಅವು ಯಾರಿಗೂ ನಾಟಿರಲಿಲ್ಲ. ದೊಡ್ಡವಳಾದ ಮೇಲೆ ಹೇಳ್ತೀನಿ ಎನ್ನಲು ಹೋಗಿ, ಆ ಮಾತಿಗೇ ಮೈ ಉರಿದು, ನಿಲ್ಲಿಸಿದಳು. "ಅಪ್ಪನ್ನ ಇಲ್ಲಿರಬೇಡ ಅಂದಿದ್ದಾರೆ. ಅವರು ಹೇಳಿದ್ದು ತಪ್ಪು. ಅಪ್ಪ ಇರೋ ಕಡೆ ನಾವು ಇರ್ತೀವಿ" ಅಂದಳು.

ತೊಟ್ಟಿಯ ಬಿರಡೆ ಕಿತ್ತಳು. ನೀರು ಗೊರಗೊರ ಹೋಯಿತು, ತಳದಲ್ಲಿ ಒಂದು ತುಂಡು ಬೆತ್ತ ಉಳಿಯಿತು. ಅದನ್ನು ಮಗಳು ಎತ್ತಿ ಕೈಗೆ ಬಳೆಯಂತೆ ಸುತ್ತಿಕೊಂಡಳು. ಟೈಲರಮ್ಮನ ಕುರ್ಚಿಯನ್ನು ಕುರ್ಚಿಯಕ್ಕ ತಲೆಗೇರಿಸಿದಳು, ಎದುರುಮನೆಗೆ ಕೊಟ್ಟು ಹೋದರಾಯಿತು. ಬೀದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ನೋಡಿಯೂ ನೋಡದ ಹಾಗೆ. ಮೂಲೆಯಲ್ಲಿ ಮೊದಲ ಗಂಟೆ ಹೊಡೆಯಿತು. ಮನೆ ತೋರಿಸುವವನು ಅಂದಿದ್ದ ಹಾಗೆಯೇ, ಅಡುಗೆಮನೆಯಲ್ಲಿ ಹೊಡೆದಂತೆ ಕೇಳಿತು.

ಅವಳು ಮಗಳ ಕೈ ಹಿಡಿದು, ಕತ್ತು ನೆಟ್ಟಗೆ ಇಟ್ಟು, ಮಂಡಿ ಬಗ್ಗಿಸಿ ಬಾಗಿಲು ದಾಟಿದಳು.