ನೆರಳು ಕೊಡದ ಶಾಲು

ಭಾನುವಾರ ಬೆಳಿಗ್ಗೆ ಕಪಾಟಿನ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹರವಿ, ಮಡಿಕೆಯ ಗೆರೆ ತಪ್ಪದಂತೆ ಮತ್ತೆ ಜೋಡಿಸಿಡುವುದು ನನ್ನ ಬಹುಕಾಲದ ಪದ್ಧತಿ. ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತಳಾದವಳು ನಾನು; ನನ್ನ ಮನೆಯಲ್ಲಿ ಅರಿವೆಗಳೂ ಸಾಲಿನಲ್ಲೇ ನಿಲ್ಲಬೇಕು. ಆ ಸಾಲಿನಲ್ಲಿ ಜರಿಯಂಚಿನದೊಂದು ಶಾಲು, ಗೆಳೆಯರೇ, ಪ್ರತಿ ವಾರವೂ ನನ್ನ ಕೈ ತಡೆಯುತ್ತದೆ.

ಅದು ನನ್ನ ತಂಗಿಯ ಮಗಳು ವಿಜಯಾಳಿಗೆ ರೋಣದ ಶಾಲೆಯ ಸಭೆಯೊಂದರಲ್ಲಿ ಹೊದಿಸಿದ್ದು. ಸೂರ್ಯನ ಮೈ ಸಿಡಿದಾಗ ಚಿಮ್ಮುವ ಕಣಗಳ ಸಂಶೋಧನೆ ಅವಳದು. ಸಿಡಿತದ ಬೆಳಕು ಮೊದಲು ಬರುತ್ತದಂತೆ, ಕಣಗಳು ತುಸು ಹಿಂದೆ. ನಡುವಿನ ಆ ಚೂರು ಬಿಡುವಿನಲ್ಲೇ ಬಾಹ್ಯಾಕಾಶದಲ್ಲಿರುವವರನ್ನು ಎಚ್ಚರಿಸಬೇಕು. ನೆಲದ ಮೇಲಿನ ನಮಗೆ ಗಾಳಿಯ ದಪ್ಪ ಹೊದಿಕೆಯಿದೆ, ಅವರಿಗಿಲ್ಲ. ತಾನು ಓದಿದ ಶಾಲೆಯ ಹುಡುಗಿಯರಿಗೆ ಇದನ್ನು ಹೇಳಬೇಕೆಂಬ ಒಂದೇ ಆಸೆಯಿಂದ ಅವಳು ರಜೆ ಹಾಕಿ ಬಂದಿದ್ದಳು.

ವೇದಿಕೆಗೆ ಶಾಮಿಯಾನ, ಹುಡುಗಿಯರಿಗೆ ಬಯಲು. ವೇದಿಕೆಯ ಮೇಲೆ ಅವಳ ಪಕ್ಕದಲ್ಲಿ ನನ್ನನ್ನೂ ಕೂಡಿಸಿದ್ದರು. ನರಗುಂದದಿಂದ ಬರಬೇಕಿದ್ದ ಮುಖ್ಯ ಅತಿಥಿಗಳು ನೆತ್ತಿಯ ಮೇಲೆ ಬಿಸಿಲೇರಿದ ಮೇಲೆ ಬಂದು, ಭಾಷಣಕ್ಕೆ ನಿಂತರು.

“ದೊಡ್ಡವ್ವಾ, ಮುಂದಿನ ಸಾಲಿನ ಆ ಹುಡುಗಿ ಮಾರಿ ನೋಡು, ಈಗ ಬೀಳ್ತಾಳ,” ಎಂದವಳೇ ವಿಜಯಾ ಎದ್ದು, ಹುಡುಗಿಯರನ್ನು ನೆರಳಿಗೆ ಕೂಡಿಸಿರೆಂದಳು.

“ಕೂಡ್ರಿ ಮೇಡಂ, ಸಾಹೇಬ್ರ ಮಾತು ಮುಗೀಲಿ,” ಎಂದರು ಸಭೆಯ ಅಧ್ಯಕ್ಷರು. “ನಮ್ಮ ಹುಡುಗ್ಯಾರಿಗೆ ಬಿಸಲು ರೂಢಿ ಐತ್ರಿ.”

“ಬಿಸಲಿಗೆ ನಿಮ್ಮ ರೂಢಿ ಗೊತ್ತಿಲ್ರಿ.”

ಅವಳು ಇಳಿದು ತಲುಪುವಷ್ಟರಲ್ಲಿ ಹುಡುಗಿ ಬಿದ್ದಾಗಿತ್ತು. ಎತ್ತಿ ಬೇವಿನ ನೆರಳಿಗೆ ಒಯ್ದು ನೀರು ಚಿಮುಕಿಸಿದಾಗ ಕಣ್ಣು ತೆರೆದಳು. ಹಿಂದೆಯೇ ಓಡಿಬಂದ ಉಳಿದವರನ್ನು ಸೀಟಿ ಊದಿ ಮತ್ತೆ ಬಿಸಿಲಿಗೇ ಕೂಡಿಸಲಾಯಿತು. ಚಪ್ಪಾಳೆಗೆ ಕೈಗಳು ಬೇಕಲ್ಲ. ವಿಜಯಾಳ ಸರದಿ ಬಂದಾಗ, “ಟೈಮ್ ಇಲ್ರಿ,” ಎಂದು ಶಾಲು ಹೊದಿಸಿ ಫೋಟೊ ತೆಗೆಸಿ ಮುಗಿಸಿದರು.

ಮರಳುವಾಗ ಗಜೇಂದ್ರಗಡದ ಬಸ್ಸಿನಲ್ಲಿ ಅವಳು ಅದನ್ನು ನನ್ನ ಮಡಿಲಿಗೆ ಹಾಕಿದಳು. “ನೀನ ಇಟ್ಕೊ ದೊಡ್ಡವ್ವಾ. ನೆರಳು ಕೇಳಿದ್ದೆ, ಇದನ್ನ ಕೊಟ್ಟಾರ.”

ದಿನವೂ ಸೂರ್ಯನಿಗೆ ಕೈಮುಗಿಯುವ ಜನ ನಾವು. ಕೋಟಿಗಟ್ಟಲೆ ಮೈಲಿಗಳಾಚೆಯ ಸಿಡಿತ ಕಂಡು ಎಚ್ಚರಿಕೆ ಕೊಡಬಲ್ಲವಳು, ನಾಲ್ಕು ಮಾರು ದೂರದ ಮಗುವಿಗಾಗಿ ಏಳಲು ಅಧ್ಯಕ್ಷರ ಅಪ್ಪಣೆ ಪಡೆಯಬೇಕು. ಅವಳು ಮತ್ತೆ ಆ ಶಾಲೆಗೆ ಹೋಗಿಲ್ಲ. ಯಾರೂ ಕರೆದೂ ಇಲ್ಲ.

ಈ ಭಾನುವಾರ ಶಾಲನ್ನು ಹಗ್ಗದ ಮೇಲೆ ಹರವಿ, ಕೆಳಗೆ ಅಂಗೈ ಒಡ್ಡಿ ನಿಂತೆ. ಬಿಸಿಲು ಸಲೀಸಾಗಿ ಇಳಿದು ಬಂದು ಕೈ ಚುರುಗುಟ್ಟಿತು. ಉಳಿದೆಲ್ಲವನ್ನೂ ಮಡಿಸಿ ಒಳಗಿಟ್ಟೆ. ಅದೊಂದು ಇನ್ನೂ ಹಗ್ಗದ ಮೇಲೇ ಇದೆ.