ಮಣ್ಣು ಮೆತ್ತಿದ ಅಂಗಿ

ಹಿರಿಯೂರಿನ ನಮ್ಮ ಮನೆಯ ಮುಂಗೋಣೆಯಲ್ಲೇ ಅಪ್ಪನ ಹೊಲಿಗೆ ಯಂತ್ರ ಇದ್ದುದರಿಂದ, ಅಕ್ಷರ ಓದುವ ಮೊದಲೇ ನಾನು ಬಟ್ಟೆ ಓದುವುದನ್ನು ಕಲಿತಿದ್ದೆ. ಸವೆದ ಕಾಲರು, ಕಳಚಿದ ಗುಂಡಿ, ಮಡಚಿದ ತೋಳು ನೋಡಿ ಆಳು ಎಂಥವನೆಂದು ಹೇಳಬಲ್ಲೆನೆಂಬ ಹಮ್ಮು ನನಗಿತ್ತು. ಹಳಗನ್ನಡದಲ್ಲಿ ಬಟ್ಟೆಯೆಂದರೆ ದಾರಿ ಎಂದೂ ಅರ್ಥವುಂಟು. ಬಟ್ಟೆ ಬಲ್ಲೆನೆಂದು ಹೊರಟವಳು ಬಟ್ಟೆ ತಪ್ಪಿದ ಕತೆಯನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ?

ಚಿತ್ರದುರ್ಗದಲ್ಲಿ ಪದವಿಯ ಕೊನೆಯ ವರ್ಷ ನಾವು ಐದಾರು ಗೆಳೆಯರು ಸೇರಿ ಕಾಲು ಗಂಟೆಯ ಕಿರುಚಿತ್ರವೊಂದನ್ನು ಮಾಡಿದೆವು. ಕಳೆದುಹೋದ ಮರಿಯನ್ನು ಹುಡುಕುವ ಕುರಿಗಾಹಿಯ ಕತೆ. ದರ್ಜಿಯ ಮಗಳೆಂಬ ಕಾರಣಕ್ಕೆ ಉಡುಪಿನ ಹೊಣೆ ನನ್ನ ಪಾಲಿಗೆ ಬಂತು. ಪಾತ್ರಕ್ಕೆ ಗೆಳತಿ ಮಂಜುಳ ಮಾಡದಕೆರೆಯ ತನ್ನ ಸೋದರಮಾವ ಸಿದ್ದಪ್ಪನವರನ್ನೇ ಒಪ್ಪಿಸಿದಳು. ಅವರದು ತಲೆಮಾರುಗಳಿಂದ ಕುರಿ ಸಾಕಿ ಹೊಲ ಮಾಡಿಕೊಂಡು ಬಂದ ಮನೆತನ.

ಚಿತ್ರೀಕರಣದ ಬೆಳಿಗ್ಗೆ ನಾವು ಹೋದಾಗ ಸಿದ್ದಪ್ಪ ಆಗಲೇ ಸಿದ್ಧರಾಗಿ ಜಗಲಿಯ ಮೇಲೆ ಕುಳಿತಿದ್ದರು. ನೀಲಿ ಹಾಕಿ ಒಗೆದ ಬಿಳಿಯಂಗಿ, ಗಂಜಿ ಕುಡಿದು ಗರಿಗರಿಯಾದ ಪಂಚೆ, ಕೆಂಪು ರುಮಾಲು, ಹೆಗಲ ಮೇಲೆ ಕರಿಯ ಕಂಬಳಿ. ಅತ್ತೆ ರಂಗಮ್ಮನಿಗೆ ಎರಡು ದಿನದಿಂದ ಇದೇ ಕೆಲಸ ಎಂದು ಮಂಜುಳ ನಕ್ಕಳು. ನನಗೆ ಮಾತ್ರ ನಿರಾಸೆಯಾಯಿತು. ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಕುರಿಗಾಹಿ ಹೀಗಿರಲಿಲ್ಲ. ಚೀಲದಿಂದ ನನ್ನ ಅಂಗಿಯನ್ನು ತೆಗೆದೆ. ಅಪ್ಪನ ಕತ್ತರಿಯಲ್ಲಿ ಅದರ ಬೆನ್ನು ಸೀಳಿ, ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ ತಂದಿದ್ದೆ.

ಸಿದ್ದಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಹರಿದಿದ್ದು ಹಾಕ್ಕಂಡು ಕುರಿ ಹಿಂದೆ ಯಾರೂ ಹೋಗಲ್ಲ ಕಣವ್ವ. ಜಾಲಿ ಮುಳ್ಳು ಸಿಕ್ಕಂಡು ಇನ್ನಷ್ಟು ಹರಿತೈತೆ,” ಎಂದರು, ತಿಳಿಯದವಳಿಗೆ ತಿಳಿಸುವ ದನಿಯಲ್ಲಿ. ನೋಡುವವರಿಗೆ ಕಷ್ಟ ಕಾಣಬೇಕಲ್ಲ ಎಂದು ನಾನು ವಾದಿಸಿದೆ. ತರಗತಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಅವರು ಒಳಗೆ ಹೋಗಿ ಬದಲಿಸಿ ಬಂದರು. ಅಷ್ಟೂ ಸಾಲದೆಂದು ಅಂಗಳದ ಕೆಮ್ಮಣ್ಣನ್ನು ಹಿಡಿಯಲ್ಲಿ ತೆಗೆದು, ನನ್ನಪ್ಪನ ವಯಸ್ಸಿನ ಆ ಮನುಷ್ಯನ ಎದೆಗೆ, ತೋಳಿಗೆ ಉಜ್ಜಿದೆ. ಅವರು ಕೈಯೆತ್ತಿ ನಿಂತಿದ್ದರು. ಬಾಗಿಲಲ್ಲಿದ್ದ ರಂಗಮ್ಮ ಬಿಳಿಯಂಗಿಯನ್ನು ಮಡಚಿಕೊಂಡು ಒಳಗೆ ನಡೆದರು.

ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದ ದಿನ ಎಲ್ಲರೂ ನನ್ನ ಉಡುಪುಗಳನ್ನು ಹೊಗಳಿದರು. ಬಟ್ಟೆಯೇ ಬಡತನವನ್ನು ಮಾತಾಡಿದೆ ಎಂದರು ಅಧ್ಯಾಪಕರೊಬ್ಬರು. ನಾನು ಉಬ್ಬಿದೆ. ಸಿದ್ದಪ್ಪ, ರಂಗಮ್ಮ ಬಸ್ಸು ಹಿಡಿದು ಬಂದಿದ್ದರು. ಅದೇ ಬಿಳಿಯಂಗಿ, ಅದೇ ರುಮಾಲು. ಆಗಷ್ಟೇ ಆ ಮುಖವನ್ನು ಪರದೆಯ ಮೇಲೆ ಕಂಡು ಮರುಗಿದ್ದ ಜನ ಅವರ ಪಕ್ಕದಲ್ಲೇ ಹಾದುಹೋದರು. ಒಬ್ಬರೂ ಗುರುತಿಸಲಿಲ್ಲ.

ಹೊರಗೆ ರಂಗಮ್ಮ ನನ್ನ ಕೈ ಹಿಡಿದು, ಇದನ್ನು ಊರಿನಲ್ಲೂ ತೋರಿಸುತ್ತೀರಾ ಎಂದು ಕೇಳಿದರು. ಆಸೆಯಿಂದ ಕೇಳುತ್ತಿದ್ದಾರೆಂದು ತಿಳಿದು, ತೋರಿಸದೆ ಇರುತ್ತೇವೆಯೇ ಎಂದೆ.

“ಬ್ಯಾಡವ್ವ,” ಎಂದರು ಮೆಲ್ಲಗೆ. “ಗಂಡನ ಅಂಗಿ ಒಗೆಯಾಕೂ ಇವಳ ಕೈಲಿ ಆಗಲ್ಲ ಅಂತಾರೆ.”

ಮೈಮೇಲಿನ ಅಂಗಿ ತೊಟ್ಟವನೊಬ್ಬನದೇ ಅಲ್ಲವೆಂಬುದು, ಅದರ ಹಿಂದೆ ಒಗೆದ, ತೇಪೆ ಹಾಕಿದ, ಹಿಂಡಿ ಹರವಿದ ಕೈಗಳ ಮಾನವೂ ಇರುತ್ತದೆಂಬುದು, ಬಟ್ಟೆಯ ನಡುವೆಯೇ ಬೆಳೆದ ನನಗೆ ಹೊಳೆದಿರಲಿಲ್ಲ. ಕಷ್ಟ ತೋರಿಸಲು ಹೋಗಿ, ಆಕೆಯ ಎರಡು ದಿನದ ದುಡಿಮೆಯ ಮೇಲೆ ಮಣ್ಣು ಹಾಕಿದ್ದೆ.

ಚಿತ್ರ ತೋರಿಸಿದ ಆ ದಿನ ಬೆಳಿಗ್ಗೆಯೇ ಮಂಜುಳ ಅದನ್ನು ಮಾಡದಕೆರೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಹಾಕೆಂದು ಒತ್ತಾಯಿಸಿದವಳು ನಾನೇ. ಹೇಳಲು ಬಾಯಿ ತೆರೆದೆ. ಬಸ್ಸಿಗೆ ಹೊತ್ತಾಯಿತೆಂದು ಸಿದ್ದಪ್ಪ ಕರೆದರು.

“ಇಲ್ಲ ಬಿಡ್ರಿ ಅಮ್ಮ, ತೋರಿಸಲ್ಲ,” ಎಂದುಬಿಟ್ಟೆ.

ರಂಗಮ್ಮನ ಮುಖ ಹಗುರಾಯಿತು. ನನ್ನ ಕೆನ್ನೆ ಸವರಿ, ಆ ಕಡೆ ಬಂದರೆ ಉಣ್ಣದೆ ಹೋಗಬೇಡ ಎಂದು ಹೇಳಿ ಹೊರಟರು. ಇದಕ್ಕೀಗ ನಾಲ್ಕು ವರ್ಷ. ಹಿರಿಯೂರಿನಿಂದ ಮಾಡದಕೆರೆ ಬಹಳ ದೂರವೇನಿಲ್ಲ. ನಾನಿನ್ನೂ ಹೋಗಿಲ್ಲ.