ಅತ್ತೆಯ ನಿಂಬೆಗಿಡಕ್ಕೆ ಕ್ಷೌರ

ಬೀದಿ ತಿರುವಿನ ಕ್ಷೌರದಂಗಡಿಯವನಿಗೆ ಜಗತ್ತಿನಲ್ಲಿ ಕಂಡದ್ದೆಲ್ಲ ತಲೆಯೇ. ಯಾರದೋ ಮನೆಯ ಬೇಲಿ ಕಂಡರೂ ಕಿವಿಯ ಹತ್ತಿರ ಸ್ವಲ್ಪ ತೆಗೆಯಬೇಕು ಅನ್ನುತ್ತಿದ್ದ. ಹಲ್ಲುಜ್ಜುವ ಬ್ರಷ್ಷನ್ನೂ ಟ್ರಿಮ್ ಮಾಡದೆ ಬಾಯಿಗಿಡುತ್ತಿರಲಿಲ್ಲ. ಒಳ್ಳೆಯವನೇ, ಕೈ ಮಾತ್ರ ಸುಮ್ಮನಿರದು. ಇಂಥವನು ಹೆದರುತ್ತಿದ್ದದ್ದು ಒಬ್ಬರಿಗೇ, ಹೆಂಡತಿಯ ತಾಯಿಗೆ.

ಆ ಅತ್ತೆ ಕಿರಿಮಗಳ ಹೆರಿಗೆಗೆ ಹೊರಟವರು ತಮ್ಮ ನಿಂಬೆಯ ಕುಂಡವನ್ನು ಅಂಗಡಿಯ ಕನ್ನಡಿ ಪಕ್ಕ ಇಟ್ಟು, ನೋಡಿಕೋ ಎಂದಷ್ಟೇ ಹೇಳಿ ಹೋದರು. ಅದು ತೀರಿಹೋದ ಮಾವ ಕೈಯಾರೆ ನೆಟ್ಟ ಗಿಡ. ಒಂದು ದಿನವೂ ಒಂದು ಕಾಯಿ ಬಿಟ್ಟದ್ದಿಲ್ಲ. ಆದರೂ ಅವನ ಹೆಂಡತಿಯ ಪಾಲಿಗೆ ಅದು ಅಪ್ಪನೇ. ಅದಕ್ಕೇನಾದರೂ ಆದರೆ ತಾಯಿ ಮಗಳು ಸೇರಿ ತನ್ನನ್ನು ಹುರಿದು ಮುಕ್ಕುತ್ತಾರೆಂದು ಅವನಿಗೆ ಗೊತ್ತಿತ್ತು.

ಕೆಲವು ತಿಂಗಳಲ್ಲಿ ಎಳೆಕೊಂಬೆಗಳು ಅಲ್ಲಲ್ಲಿ ಬಾತು ಗಂಟುಗಂಟಾದವು. ಗಡ್ಡ ತೆಗೆಸಲು ಬಂದ ಸಸಿ ಮಾರುವವನು ನೊರೆಯೊಳಗಿಂದಲೇ ವಿವರಿಸಿದ: ಇರುವೆಗಿಂತ ಚಿಕ್ಕ ಕಣಜವೊಂದು ತೊಗಟೆಯೊಳಗೆ ಮೊಟ್ಟೆಯಿಟ್ಟಿದೆ, ಪೆದ್ದು ಗಿಡ ತನ್ನ ಮೈಯನ್ನೇ ಊದಿಸಿ ಅದರ ಮರಿಗಳಿಗೆ ಮನೆ ಕಟ್ಟಿಕೊಟ್ಟಿದೆ, ಊಟವೂ ಅಲ್ಲೇ. ಮದ್ದೇನೆಂದು ಹೇಳುವಷ್ಟರಲ್ಲಿ ಕತ್ತಿ ಗಂಟಲ ಮೇಲೆ ಬಂದದ್ದರಿಂದ ಬಾಯಿ ಮುಚ್ಚಿಕೊಂಡ.

ನಮ್ಮವನಿಗೆ ಅಷ್ಟೇ ಸಾಕಾಯಿತು. ಕುಂಡವನ್ನು ಕುರ್ಚಿಯಲ್ಲಿ ಕೂರಿಸಿ, ಪೆಡಲ್ ಒತ್ತಿ ಎತ್ತರಿಸಿ, ಬಟ್ಟೆ ಹೊದಿಸಿದ. ಒಂದೊಂದು ಗಂಟಿಗೂ ನೊರೆ ಹಚ್ಚಿ ಹೊಸ ಬ್ಲೇಡಿನಿಂದ ಹೆರೆದ. ಗಾಯಕ್ಕೆ ಪಟಿಕದ ಕಲ್ಲು ಉಜ್ಜಿ ಪೌಡರ್ ಬಡಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎಡ ಬಲ ಸಮ ಮಾಡಲು ಹೋಗಿ, ಈ ಕಡೆ ಒಂದಿಷ್ಟು ಆ ಕಡೆ ಒಂದಿಷ್ಟು ತೆಗೆಯುತ್ತ, ಕೊನೆಗೆ ನೋಡಿದರೆ ಕುಂಡದಲ್ಲಿ ಪೌಡರ್ ಮೆತ್ತಿದ ಮೂರು ಕಡ್ಡಿ. ಅಭ್ಯಾಸಬಲದಿಂದ ಹಿಂದೆ ಕನ್ನಡಿ ಹಿಡಿದು ಗಿಡಕ್ಕೆ ತೋರಿಸಿದ. ಆಮೇಲಷ್ಟೇ ಅತ್ತೆಯ ನೆನಪಾಯಿತು.

ಅಂದಿನಿಂದ ಊಟ ಸೇರಲಿಲ್ಲ. ಕುಂಡದ ಹತ್ತಿರ ಕೆಮ್ಮಕೂಡದೆಂದು ಗಿರಾಕಿಗಳಿಗೆ ಅಪ್ಪಣೆಯಾಯಿತು. ಹೆಂಡತಿ ಕೇಳಿದಾಗ ಗಿಡ ವಿಶ್ರಾಂತಿಯಲ್ಲಿದೆ ಎಂದ. ಪುಣ್ಯಕ್ಕೆ ಅತ್ತೆ ಮರಳುವ ಹೊತ್ತಿಗೆ ಕಡ್ಡಿಗಳ ತುಂಬ ಚಿಗುರೊಡೆದು, ತುದಿಯಲ್ಲಿ ಹೂವೂ ಬಿಟ್ಟಿತ್ತು. ಬೀಸೋ ದೊಣ್ಣೆ ತಪ್ಪಿತೆಂದು ಅವನು ಎದೆಯುಬ್ಬಿಸಿ ನಿಂತ.

ಅತ್ತೆ ಹೂವನ್ನು ನೋಡಿದರು, ಅಳಿಯನನ್ನು ನೋಡಿದರು, ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತರು.

"ಇಷ್ಟು ವರ್ಷ ಬಾಗಿಲಲ್ಲಿ ನಿಂತು ಮುಳ್ಳಲ್ಲಿ ನನ್ನ ಚುಚ್ಚಿದೆ ಈ ದರಿದ್ರ ಗಿಡ. ನಾನೇ ಕಿತ್ತು ಬಿಸಾಕಿದ್ರೆ ನಿನ್ನ ಹೆಂಡ್ತಿ ಸುಮ್ನೆ ಬಿಡ್ತಾಳಾ? ನಿನ್ನ ಕೈಗೆ ಕೊಟ್ರೆ ಖಂಡಿತ ಉಳಿಯಲ್ಲ ಅಂತ ನಂಬಿ ಕೊಟ್ಟೆ ಕಣಪ್ಪಾ. ಅಷ್ಟೂ ಮಾಡೋಕಾಗ್ಲಿಲ್ವಾ ನಿನಗೆ?"

ಅವನು ಗಾಬರಿಯಿಂದ ಕತ್ತರಿಗೆ ತಡಕಾಡಿದ.

"ಬೇಡ, ಇಡು ಕೆಳಗೆ," ಎಂದರು ಅತ್ತೆ. "ನೀನು ಮುಟ್ಟಿದ್ರೆ ಇನ್ನೂ ಚೆನ್ನಾಗಿ ಬೆಳೆಯುತ್ತೆ."